ನಿಂಬೆಣ್ಣು ಯಾರ್ದು ಅಂದ್ರೆ

...ನಗ್ಬೇಡ ಕಣಮ್ಮಿ ಚೈತ್ರ, ದೇವ್ರಾಣೆಗೂ ಅಂಗೇ ಕೇಳ್ದೆ ನಾನು! 'ಸಾರ್, ಈ ಪೂರ್ವಗ್ರಹ ಅಂದ್ರೆ ಯಾವ ಗ್ರಹ? ನವಗ್ರಹದ ಲೆಕ್ಕದಲ್ಲಿ ಇದ್ದಂಗಿಲ್ವಲ್ಲ?' ಅಂತ. ಕಿರಣ್ ಕುಮಾರ್ ಸಾರು ಬೋರ್ಡ್ ಮೇಲೆ ಅದನ್ನೇ ಬರೀತಿದ್ರಾ, ಸೀಮೆಸುಣ್ಣ ಲಟಕ್ ಅಂತು. ಎಂ.ಎ. ಓದೋ ಉಡುಗಿ ಇಂಗೆ ಕೇಳಿದ್ದು ಬೆಂಗ್ಳೂರಲ್ಲಿ ಅವ್ರು ಕಂಡಿರ್ಲಿಲ್ವೇನೋ.

ಸದ್ಯ, ನಕ್ಕೆಯಲ್ಲ. ನಾನು ಅಂಗಳಕ್ಕೆ ಬಂದಾಗ ನೀನು ಮಕಾನೇ ಎತ್ನಿಲ್ಲ. ನಿಮ್ಮಪ್ಪನ ಮಂಡಿಗೆ ಈರುಳ್ಳಿ ತಕ್ಕಳಾಕೆ ಯಾರೋ ಬಂದವ್ರೆ ಅನ್ಕಂಡ್ಯಾ? ನಾಗಮಣಿ ಕಣಮ್ಮಿ, ಅರವೆಯಿಂದ ಎರಡು ಬಸ್ ಬದ್ಲಾಯ್ಸಿ ಗುಂಡ್ಲುಪೇಟೆಗೆ ಬಂದಿವ್ನಿ. ಸರ್ಕೋ ವಸಿ, ನಾನೂ ಆರಿಸ್ತೀನಿ. ಕೊಳ್ತಿರಾದು ಈ ಕಡೆಗೆ, ಚೆಂದಾಗಿರಾದು ಆ ಕಡೆಗೆ, ಅಷ್ಟೇ ತಾನೆ? ...ಇದು ಕೊಳ್ತಿಲ್ವಾ? ಮೇಲಿನ ಸಿಪ್ಪೆ ಮಾತ್ರ ಕಪ್ಪಾ? ಆಯ್ತು ಬುಡು, ನೀನೇ ನೋಡ್ಕೊ.

ಅದಿನೈದು ದಿನ ಆಯ್ತು ನೀನು ಕ್ಲಾಸಿಗೆ ಬಂದು. ಪೋನ್ ಮಾಡುದ್ರೆ ಎತ್ತಲ್ಲ. ಸೋಮವಾರ ಇಂಟರ್ನಲ್ಸು. ಅಟೆಂಡೆನ್ಸ್ ಕಮ್ಮಿ ಇರೋರ್ನ ಪರೀಕ್ಷೆಗೆ ಕೂರ್ಸಲ್ಲ ಅಂತ ನೋಟಿಸ್ ಬೋರ್ಡಲ್ಲಿ ನಿನ್ನೆಸ್ರು ಆಕವ್ರೆ. ಕ್ಲಾಸಿಗೇ ಮೊದ್ಲು ಬರೋಳು ನೀನು, ಇಂಗೆ ಈರುಳ್ಳಿ ಮುಂದೆ ಕುಂತ್ಬುಟ್ರೆ ಎಂಗೆ? ಅದ್ಕೇ ಬಂದೆ. ಕರ್ಕಂಡೇ ಓಗಾದು.

ಯಾಕೆ ಅಂಗೆ ನೋಡ್ತೀಯ? ಆವತ್ತು ಏನ್ ನಡೀತು ಅಂತ ನಿಂಗೆ ಪೂರ್ತಿ ಗೊತ್ತಿಲ್ಲ. ನಿಮ್ಮಜ್ಜಿಗೆ ಉಷಾರಿಲ್ಲ, ಡಾಕ್ಟ್ರಿಗೆ ತೋರಿಸ್ಬೇಕು ಅಂತ ಮೊದಲ್ನೇ ಪೀರಿಯಡ್ ಮುಗುಸ್ಕಂಡು ನೀನು ಓಗ್ಬುಟ್ಟೆ. ನಾನು ಅಲ್ಲೇ ಇದ್ದೋಳು. ಇದ್ದದ್ದು ಇದ್ದಂಗೆ ಏಳ್ತೀನಿ, ಕೇಳು.

ಗ್ರಹ ಕೇಳ್ದೆ ಅಂದ್ನಲ್ಲ, ಸಾರಿಗೆ ಮೂಗಿನ ತುದೀಲೇ ಕ್ವಾಪ. ಯಾವೂರು ನಿಂದು ಅಂದ್ರು. 'ಅರವೆ ಸಾರ್' ಅಂದೆ. 'ಹರವೆನಾ? ಹಕಾರ ಎಲ್ಲಿ ಬಿಟ್ಟು ಬಂದೆ, ಬಸ್ಸಲ್ಲಾ?' ಅಂದ್ರು. ಕ್ಲಾಸೆಲ್ಲ ಗೊಳ್ ಅಂತು. ನಾನೂ ನಕ್ಕೆ. ಇನ್ನೇನ್ ಮಾಡಾದು? ನಗ್ನಿಲ್ಲ ಅಂದ್ರೆ ಇನ್ನೂ ಜಾಸ್ತಿ ನಗ್ತಾರೆ. ಅಷ್ಟಕ್ಕೇ ಬುಟ್ರಾ? ಚಾಮರಾಜನಗರದ ಕಡೆಯೋರು ಮಾಟ ಮಂತ್ರದಲ್ಲಿ ಗಟ್ಟಿಗ್ರಂತೆ, ಮಾರ್ಕ್ಸ್ ಕಮ್ಮಿ ಕೊಟ್ರೆ ನಮ್ಮನೆ ಬಾಗ್ಲಿಗೆ ನಿಂಬೆಹಣ್ಣು ಬರ್ತದಾ ಅಂತ ಕೇಳುದ್ರು. ಬೋರ್ಡ್ ಮೇಲೆ ಪೂರ್ವಗ್ರಹ ಅಂತ ಬರ್ದಿರಾದು ಇನ್ನೂ ಅಳಿಸಿರ್ನಿಲ್ಲ ಕಣಮ್ಮಿ!

ನಾನು ಬುಡ್ತೀನಾ? ಎದ್ ನಿಂತು ಅಂದೆ. 'ಸಾರ್, ಬೆಂಗ್ಳೂರೋರು ನಮ್ ಕಡೆ ಕೈ ತೋರಿಸ್ತೀರ. ನಮ್ಮೂರೋರ್ನ ಕೇಳುದ್ರೆ, ಅಯ್ಯೋ ನಾವಲ್ಲ, ಕೊಳ್ಳೇಗಾಲದೋರು ಅಂತಾರೆ. ಕೊಳ್ಳೇಗಾಲದೋರ್ನ ಕೇಳುದ್ರೆ ಕೇರಳದೋರು ಅಂತಾರೆ. ಕೇರಳದೋರು ಪಾಪ ಯಾರ್ನ ತೋರ್ಸಾದು? ಮುಂದಕ್ಕೆ ಬರೀ ಸಮುದ್ರ!' ಎಂಗೆ?

...ನಂಬಲ್ವಾ? ಯಾಕೆ, ನಂಗೆ ಅಷ್ಟು ಮಾತು ಬರಲ್ವಾ? ಇರ್ಲಿ ಬುಡು, ಮುಂದುಕ್ಕೆ ಕೇಳು.

ಸಾರು ಮೇಜಿನ ಕಡೆ ತಿರುಗುದ್ರು. ಮೇಜಿನ ಮೇಲೆ ನಿಂಬೆಣ್ಣು! ಒಂದೇ ಒಂದು. ಅದಕ್ಕೆ ಕುಂಕುಮ ಬೇರೆ ಮೆತ್ಕಂಡಿತ್ತು. ಮೂಢನಂಬಿಕೆ ಮೇಲೆ ಊರೂರಲ್ಲಿ ಭಾಷಣ ಮಾಡೋ ಮನುಷ್ಯ ಕಣಮ್ಮಿ, ಮೂರೆಜ್ಜೆ ಇಂದಕ್ಕೋಗಿ ಡಸ್ಟರ್‌ನ ಎದೆಗೆ ಅವುಚ್ಕಂಡು ನಿಂತ್ಬುಟ್ರು. ಅಂಗಿ ತುಂಬಾ ಸುಣ್ಣ. 'ಯಾರದು ಇದು?' ಅಂದ್ರು.

ಯಾರ್ದೋ ಏನೋ, ನಂಗೇನ್ ಗೊತ್ತು? ಬಸ್ಸಲ್ಲಿ ವಾಂತಿ ಬತ್ತದೆ ಅಂತ ಯಾರೋ ಮೂಸಾಕೆ ತಂದಿದ್ರೇನೋ. ಬ್ಯಾಗಲ್ಲಿ ಅವ್ವ ಇಟ್ಟ ಕುಂಕುಮದ ಪೊಟ್ಣ ಬಿಚ್ಕಂಡಿತ್ತೇನೋ. ಅಸೈನ್‌ಮೆಂಟ್ ಇಡಾಕೋದಾಗ ಉರುಳ್ಬುಡ್ತೇನೋ... ಏನು? ನನ್ ಕೈಲಿರೋ ನಿಂಬೆಣ್ಣಾ? ಇದು... ಇದು ಇವತ್ತಿಂದು. ಎರಡು ಬಸ್ಸು ಅಂತ ಆಗ್ಲೇ ಏಳ್ನಿಲ್ವಾ?

ಆಯ್ತಮ್ಮಿ, ಆಯ್ತು! ಅದೂ ನಂದೇ. ನಗು, ನಗ್ಬುಡು. ನಮ್ಮವ್ವ ಕೊಟ್ಟ ನಿಂಬೆಣ್ಣಿಂದ ಯೂನಿವರ್ಸಿಟಿ ಮೇಷ್ಟ್ರು ಬೆವ್ತೋದ್ರು ಅಂತ ನಮ್ಮೂರೋರ್ಗೆ ಏಳುದ್ರೆ ಮೆರವಣಿಗೆ ಮಾಡ್ತಾರೆ.

...ಯಾಕೆ, ನಗಲ್ವಾ?

ಆ ನಿಂಬೆಣ್ಣಿಗೆ ನಿನ್ನೆಸ್ರು ಎಂಗೆ ಬಂತು ಅಂತಾನಾ? ಅದು... ಸಾಗರ್ ಕಣಮ್ಮಿ. ಇಂದ್ಗಡೆ ಬೆಂಚಿನ ಸಾಗರ್. ಸಾರು ಯಾರ್ದು ಯಾರ್ದು ಅಂತ ಕೇಳ್ತಾನೇ ಇದ್ರಲ್ಲ, ಅವ್ನೇ ಅಂದ. 'ಅದು ಚೈತ್ರಂದು ಸಾರ್, ಅವ್ಳು ಮಲಯಾಳಿ, ಕೇರಳದೋರ್ಗೆ ಇವೆಲ್ಲ ಚೆನ್ನಾಗಿ ಬತ್ತದೆ' ಅಂತ. ನೋಡು, ಎಂತಾ ಬಾಯಿ! ಮಾರನೇ ದಿನ ನೀನು ಬಂದ್ರೆ, ಬೆಂಚಿನ ಮೇಲೆ ನಿಂಬೆಣ್ಣು ಮೆಣಸಿನಕಾಯಿ ಚಿತ್ರ. ನಿನ್ ಪಕ್ಕ ಯಾರೂ ಕೂರ್ನಿಲ್ಲ. ಸಾರು ನೋಡುದ್ರೆ ತಪ್ಪಾಯ್ತು ಅಂತ ಬರ್ಕೊಡು ಅಂದ್ರು. ನಾನೂ... ನಾನು ಮುಂದ್ಲ ಬೆಂಚಿಗೋಗಿದ್ದು ಬೋರ್ಡ್ ಕಾಣಲ್ಲ ಅಂತ ಕಣಮ್ಮಿ, ಬೇರೇನಿಲ್ಲ. ನೀನು ಬ್ಯಾಗ್ ತಕ್ಕಂಡು ಎದ್ದೋದೋಳು ತಿರುಗಿ ಬರ್ಲೇ ಇಲ್ಲ.

ಕೈ ಯಾಕೆ ನಿಲ್ಲಿಸ್ಬುಟ್ಟೆ? ಆರ್ಸು, ಈ ಮೂಟೆ ಇನ್ನೂ ಅರ್ಧ ಅದೆ.

...ಸಾಗರ್‌ಗೆ ಎಂಗೆ ಗೊತ್ತಾಯ್ತು ಅಂತಾನಾ? ನೀನು ಮಲಯಾಳಿ ಅಂತ? ಮಕ ನೋಡುದ್ರೆ ಗೊತ್ತಾಗಲ್ವಾ... ಇಲ್ಲ, ಎಂಗೆ ಗೊತ್ತಾಯ್ತದೆ. ಮಾತಲ್ಲಿ... ಮಾತಲ್ಲೂ ಇಲ್ಲ. ನನಗಿಂತ ಚೆಂದಾಗಿ ಓಗ್ಬುಟ್ಟೆ ಬಂದ್ಬುಟ್ಟೆ ಅಂತೀಯ. ರಿಜಿಸ್ಟರಲ್ಲಿ ನೋಡಿರ್ಬೋದು... ಅದ್ರಲ್ಲಿ ಏನದೆ, ಚೈತ್ರ, ಗುಂಡ್ಲುಪೇಟೆ, ಅಷ್ಟೇ.

ಇಂಗೆ ನೋಡ್ಬೇಡ ಚೈತ್ರ. ಏನಾರಾ ಮಾತಾಡು.

ಕಣ್ಣಾ? ಈರುಳ್ಳಿ ಕಣಮ್ಮಿ... ಹೂಂ, ಗೊತ್ತು, ಎಚ್ಚುದ್ರೆ ಕಣ್ಣೀರು ಬತ್ತದೆ, ಆರ್ಸುದ್ರೆ ಯಾರ್ಗೂ ಬರಲ್ಲ.

ಕ್ಲಾಸಲ್ಲಿ ಯಾರ್ಗೂ ಗೊತ್ತಿರ್ನಿಲ್ಲ. ಈ ಮನೆ ಒಳಿಕ್ಕೆ ಕಾಲಿಟ್ಟೋಳು ನಾನೊಬ್ಳೇ. ನೀನು ಅಜ್ಜಿ ಜೊತೆ ಮಲಯಾಳಂ ಆಡಿದ್ದು ಕೇಳ್ದೋಳೂ ನಾನೊಬ್ಳೇ. ನನ್ನ ಬಸ್ ಅತ್ತಿಸಾಕೆ ಬಂದು ಏಳ್ದೆಯಲ್ಲ, 'ಕ್ಲಾಸಲ್ಲಿ ಅನ್ಬೇಡ ನಾಗಮಣಿ, ಸ್ಕೂಲಲ್ಲಿ ಕೊಬ್ರಿ ಎಣ್ಣೆ ಕೊಬ್ರಿ ಎಣ್ಣೆ ಅಂತ ಕೂಗಿಸ್ಕಂಡು ಸಾಕಾಗ್ಬುಟ್ಟದೆ' ಅಂತ. ನಾನು ಕೈ ಮೇಲೆ ಕೈ ಆಕಿ ಆಯ್ತು ಅಂದಿದ್ದೆ.

ಸಾಗರ್ ಬಾಯೇ ಬುಟ್ಟಿಲ್ಲ. ಸಮುದ್ರದ ಮಾತೂ ಅಷ್ಟೇ, ನಾನು ಆವತ್ತು ಅನ್ನೇ ಇಲ್ಲ. ಇವತ್ತು ಬಸ್ಸಲ್ಲಿ ಒಳೀತು. ಸಾರು ನನ್ ಕಡೆ ಬೆಟ್ಟು ಮಾಡಿ 'ಏನಮ್ಮಾ ಅರವೆ, ನಿಂದಾ?' ಅಂದ್ರು. ಕ್ಲಾಸೆಲ್ಲ ನಗಾಕೆ ಬಾಯಿ ತಕ್ಕಂಡು ಕುಂತಿತ್ತು. ಇನ್ನೊಂದ್ ಸಲ ತಡ್ಕಳಾಕೆ ನನ್ ಕೈಲಾಗ್ನಿಲ್ಲ. ನಿನ್ನೆಸ್ರು ಬಾಯಿಗೆ ಬಂತು, ಅಂದ್ಬುಟ್ಟೆ. ನಗು ಅಂಗೇ ಆ ಕಡೆ ತಿರುಗ್ತು. ಎಷ್ಟು ಆಯಾಗಿತ್ತು ಗೊತ್ತಾ ಆ ಗಳಿಗೇಲಿ? ಅದನ್ನ ನೆನುಸ್ಕಂಡ್ರೇ ಈಗ ನಾಚ್ಕೆಯಾಯ್ತದೆ.

ಸೋಮವಾರ ಎದ್ ನಿಂತು ಎಲ್ರ ಮುಂದೇನೇ ಏಳ್ತೀನಿ. ನೀನು ಬಂದ್ರೂ ಸೈ, ಬರ್ದೇ ಇದ್ರೂ ಸೈ. ಈಗ ಬೈಯಿ. ನಿಮ್ಮಪ್ಪನ್ನೂ ಕರಿ, ಅವ್ರೂ ಬೈಲಿ. ನಿಮ್ಮನೇಲಿ ಎಲ್ರಿಗೂ ಆಗ್ಲೇ ಗೊತ್ತಾಗಿರ್ತದಲ್ಲ...

ಯಾರದು ಒಳಗಿಂದ ಕೂಗ್ತಿರಾದು? ಅಜ್ಜಿಯಾ? ನನ್ನೆಸ್ರಿಡ್ದು ಊಟಕ್ಕೆ ಕರೀತಾವ್ರೆ... ಎರಡು ತಟ್ಟೆ ಇಟ್ಟಿವ್ನಿ ಅಂತಾವ್ರೆ. ಯಾಕಮ್ಮಿ... ನೀನು ಇವ್ರಿಗೆ ಏಳೇ ಇಲ್ವಾ?

ನಾನೇ ಅಂತ ಮೊದಲ್ನೇ ದಿನಾನೇ ಗೊತ್ತಿತ್ತು ನಿಂಗೆ, ಅಲ್ವಾ? ನಿನ್ನ ಗುಟ್ಟನ್ನ ನಾನು ಒಂದ್ ನಿಮ್ಸ ಮಡಿಕ್ಕಳ್ಳಾಕೆ ಆಗ್ನಿಲ್ಲ. ನಂದನ್ನ ನೀನು ಅದಿನೈದು ದಿನದಿಂದ... ಚೈತ್ರ?