ಪುಟಕ್ಕೊಂದು ಶೇಂಗಾ ಉಂಡಿ

...ಇಲ್ಲ ಬೇ ವಿಜಿ, ಇವತ್ತ ನಾ ಓದಂಗಿಲ್ಲ ಅಂದ್ರ ಓದಂಗಿಲ್ಲ! ಪುಸ್ತಕ ನನ್ನ ತೊಡಿ ಮ್ಯಾಲ ಒಗದ್ರ ಏನಾತು? ಕಣ್ಣ ಮುಚಗೊಂಡೇನಿ, ನೋಡು... ಯಾಕ ನಗ್ತಿ? ನಿಮ್ಮವ್ವ ಒಲಿ ಮುಂದ ನಿಂತು ಏನಂದ್ರು, ಕೇಳಿಲ್ಲೇನು? "ಮೂರನೇ ಕ್ಲಾಸಿನ ಹುಡುಗಿ, ಇನ್ನೂ ಕಾಕಾನ ಬಾಯಿಂದನ ಕಥಿ ಕೇಳ್ತಾಳ. ಇವತ್ತ ಅಕಿ ತಾನೇ ಓದಲಿಲ್ಲಂದ್ರ, ಶಿವಶರಣಪ್ಪಾ, ನಿಮಗ ಹೋಳಿಗಿ ಇಲ್ಲ ನೋಡ್ರಿ!" ಹೋಳಿಗಿ ಬೇ! ಅದರ ಸಲುವಾಗಿನ ತಿಕೋಟಾದಿಂದ ಬಸ್ಸಿನಾಗ ನಿಂತು ಬಂದೇನಿ ನಾನು!

ಎಲ್ಲಿಗೆ ನಿಲ್ಲಿಸಿದ್ವಿ? ಹಾಂ, ಡುಬ್ಬದ ಒಂಟಿ! ಗೋಳಗುಮ್ಮಟ ಹತ್ತಾಕ ಹೋಗಿ ಮೆಟ್ಟಲದಾಗ ಸಿಕ್ಕೊಂಡೈತಿ. ನೂಕಿದ್ರ ಹೋಗವಲ್ದು, ಬಾಲ ಜಗ್ಗಿದ್ರ ಬರವಲ್ದು... ಪಾಪ! ಮುಂದೇನಾತು? ನನಗೇನ ಗೊತ್ತು? ನೀನ ಓದಿ ನೋಡು.

ಏನು? ಉಂಡಿ ಯಾರಿಗಿ? ಪುಸ್ತಕದಾಗನ ಐತೆಲ್ಲ, ಪ್ರತಿ ಪುಟದ ಕೆಳಗ! "ಇಲ್ಲಿವರೆಗೆ ಓದಿದವರಿಗೆ ಕೇಳಿದವರು ಒಂದು ಶೇಂಗಾ ಉಂಡಿ ಕೊಡತಕ್ಕದ್ದು." ಬಂದಾಗೊಮ್ಮೆ ಓದಿ ಹೇಳೇನಿಲ್ಲೊ? ಬಬಲೇಶ್ವರದ ಆಯಿ ಕಳಿಸಿದ ಡಬ್ಬಿ ಅರ್ಧಾ ಆತಂದ್ರ ನನ್ನ ತಪ್ಪೇನು? ಬರದವರು ಬರದಾರ! ಇವತ್ತ ನೀ ಓದು, ಉಂಡಿ ನಿನಗ.

ಹಾಂ... ಹಂಗ. ಅಕ್ಷರದ ಮ್ಯಾಲ ಬೊಟ್ಟಿಡು. ಜೋರಾಗಿ ಓದಂಗಿಲ್ಲ? ಆತು, ಮನಸಿನಾಗ ಓದು. ತುಟಿ ಅಲುಗಾಡಾಕತ್ತಾವು... ವೈನೀ, ಹೋಳಿಗಿಗೆ ತುಪ್ಪಾ ಕಾಸ್ರಿ!

ಯಾಕ ನಕ್ಕಿ? ಒಂಟಿ ಏನ ಮಾಡ್ತು? ಹೇಳು ಬೇ, ನನಗೂ ಹೇಳು! ...ಹೇಳವಲ್ಲಿ. ಇರ್ಲಿ. ಪುಟಾ ಮುಗೀತು? ಶಾಬಾಸ್! ತಗೋ ಉಂಡಿ!

ತಗೋವಲ್ಲಿ ಯಾಕ? ಪುಟದ ಕೆಳಗ ಏನ ಹುಡಕಾಕತ್ತಿ? ಆ ಉಂಡಿ ಸಾಲು... ಅದು ಅಳಿಸಿ ಹೋಗಿರಬೇಕು. ಹಳೇ ಪುಸ್ತಕ. ಇಲಿ ತಿಂದಿದ್ದರೂ ತಿಂದಿರಬೇಕು, ಇಲಿಗೂ ಶೇಂಗಾ ಅಂದ್ರ ಜೀವ... ಏಯ್, ಹಿಂದಿನ ಪುಟಕ್ಕ ಯಾಕ ಹೊಂಟಿ? ಒಂಟಿ ಮುಂದೈತಿ! ಅದರ ಹಿಂದಿಂದು ಯಾಕ? ಅದೂ ಬ್ಯಾಡ... ಅದಂತೂ ಬ್ಯಾಡಽ ಬ್ಯಾಡ...

ವಿಜೀ. ಹಂಗ್ಯಾಕ ನೋಡ್ತಿ? ಬೈಯರ ಬೈ!

ಡಬ್ಬಿ ಯಾಕ ಆ ಕಡೆ ಎಳಕೊಂಡಿ? ಮುಚ್ಚಳಾ ಯಾಕ ಹಾಕ್ತಿ... ನನಗೂ ಒಂದು? ಅರ್ಧಾ?

ವೈನೀ... ನಿಮ್ಮ ಮಗಳಿಗೆ ಓದಾಕ ಬಂತ್ರೀ...