ಎರಡು ಟ್ಯೂಬ್ ರಕ್ತ

ಹಲೋ... ಯಾರು ಮಾತಾಡ್ತಿರೋದು? ಇದು ಡಾಕ್ಟರ್ ಫೋನ್ ಅಲ್ವಾ?

...

ಹಾಂ, ಡ್ರೈವರಣ್ಣನಾ? ನಾನಣ್ಣ, ಸುಟ್ಟಗಾಯದ ವಾರ್ಡಿನ ಸಿಸ್ಟರ್. ನಮ್ಮ ಡ್ರೆಸ್ಸಿಂಗ್ ರೂಮಲ್ಲಿ ರಕ್ತ ತಿರುಗಿಸೋ ಮೆಷಿನ್ನೇ ಕಾಣ್ತಿಲ್ಲ. ಮೇಜಿನ ಮೇಲೆ ಅದರ ನಾಲ್ಕು ಕಾಲಿನ ಗುರುತು ಮಾತ್ರ ಇದೆ. ರಿಪೇರಿಗೇನಾದ್ರೂ ಹೋಯ್ತಾ?

...

ಏನು, ಕಾರಲ್ಲಿ ಹಾಕ್ಕೊಂಡು ಹೋದ್ರಾ? ಎಲ್ಲಿಗೆ?... ಹೋಟೆಲ್ಲಿಗಾ?

...

ಮುಖಕ್ಕಾ? ಇನ್ನೊಂದ್ಸಲ ಹೇಳಣ್ಣ, ನನ್ನ ಕಿವಿನೇ ಕೆಟ್ಟಿರ್ಬೇಕು. ಹೋಟೆಲ್ಲಿಗೆ ಬಂದಿರೋ ಹೆಂಗಸರ ರಕ್ತ ತೆಗೆದು, ನಮ್ಮ ಮೆಷಿನ್ನಲ್ಲಿ ತಿರುಗಿಸಿ, ಅವರ ಕೆನ್ನೆಗೇ ಚುಚ್ತಾ ಇದ್ದಾರಾ? ಹೊಳಪು ಬರ್ಲಿ ಅಂತ?... ಥೂ!

...

ನಗಬೇಡಣ್ಣ. ಇಲ್ಲಿ ಮೂರನೇ ಮಂಚದಲ್ಲಿ ಪುಟ್ಟಿ ಇದ್ದಾಳೆ. ಒಂದೂವರೆ ವರ್ಷ. ಬಿಸಿನೀರಿನ ಬಕೆಟ್ ಮೈಮೇಲೆ ಎಳ್ಕೊಂಡು ಎದೆ, ಕೈ ಎಲ್ಲ ಬೆಂದು ಬಂದಿರೋ ಮಗು. ಅವಳದೇ ರಕ್ತ ತಿರುಗಿಸಿ, ಮೇಲೆ ನಿಲ್ಲೋ ಹಳದಿ ನೀರನ್ನ ಅಂಟಿನ ಥರ ಮಾಡಿ ಗಾಯಕ್ಕೆ ಹಚ್ಚೋದು ಇವತ್ತು. ಬೇಗ ಚರ್ಮ ಕೂಡ್ಕೊಳುತ್ತೆ ಅಂತ ಅವರಮ್ಮನಿಗೆ ಆಸೆ ಹುಟ್ಟಿಸಿದ್ದು ಯಾರು? ಇದೇ ಡಾಕ್ಟರು! ಕೊಡು ಅವರಿಗೆ ಫೋನು.

...

ಗ್ಲೌಸ್ ಹಾಕಿದ್ರೆ ಏನೀಗ, ನೀನೇ ಅವರ ಕಿವಿ ಹತ್ರ ಹಿಡಿ.

...

ಸರ್, ನಮಸ್ಕಾರ... ಗೊತ್ತಾಯ್ತು ಸರ್, ಎಲ್ಲಿದ್ದೀರಿ ಅಂತ ಚೆನ್ನಾಗೇ ಗೊತ್ತಾಯ್ತು. ನೀವು ಒಂಬತ್ತಕ್ಕೆ ಬರ್ತೀನಿ ಅಂದ್ರಿ, ನಾನು ಅದಕ್ಕೆ ಸರಿಯಾಗಿ ಪುಟ್ಟಿದು ಎರಡು ಟ್ಯೂಬ್ ರಕ್ತ ತೆಗೆದಿಟ್ಟೆ. ಈಗ ಹತ್ತೂ ದಾಟಿತು.

...

ಫ್ರಿಜ್ಜಲ್ಲಾ? ಈ ಅಂಟಿಗೆ ಅಂತ ತೆಗೆದ ರಕ್ತ ಫ್ರಿಜ್ಜಲ್ಲಿಟ್ರೆ ಕೆಟ್ಟೋಗುತ್ತೆ ಅಂತ ಬೋರ್ಡ್ ಮೇಲೆ ಬರೆದು ಪಾಠ ಮಾಡಿದ್ದು ನೀವೇ ಅಲ್ವಾ?

...

ಲ್ಯಾಬಿನ ದೊಡ್ಡ ಮೆಷಿನ್ನಾ? ಅದರ ವೇಗ ನಮಗೆ ಆಗಿಬರಲ್ಲ, ಮುಟ್ಟಬೇಡಿ ಅಂದಿದ್ದೂ ನೀವೇ.

...

ನಾಳೆ? ನಾಳೆ ಮತ್ತೆ ತೆಗೀಬೇಕಾ? ಸರ್, ಆ ಮಗುಗೆ ನರ ಸಿಗಲ್ಲ. ಐದು ಸಲ ಚುಚ್ಚಿದೆ. ಕೊನೆಗೆ ಕಾಲಲ್ಲಿ ಸಿಕ್ತು. ಅತ್ತು ಅತ್ತು ಗಂಟಲು ಕಟ್ಟಿದೆ. ಮಂಪರು ಔಷಧಿ ಕೊಡ್ಬೇಕು ಅಂತ ಬೆಳಗಿಂದ ಒಂದು ಗುಟುಕು ಹಾಲೂ ಕುಡಿಸಿಲ್ಲ. ಇಷ್ಟನ್ನೂ ನಾಳೆ ಇನ್ನೊಂದ್ಸಲ ಮಾಡಬೇಕಾ?

...

ಇನ್ನೂ ಮೂರು ಮುಖ ಬಾಕಿ ಇದೆಯಾ... ಬೆಕ್ಕಿಗೆ ಚೆಲ್ಲಾಟ, ಇಲಿಗೆ ಪ್ರಾಣಸಂಕಟ. ಇಪ್ಪತ್ತು ವರ್ಷದಿಂದ ಕೀವು ತೊಳೀತಿದ್ದೀನಿ ಸರ್, ಸುಟ್ಟ ಚರ್ಮ ಬಿಡಿಸ್ತಿದ್ದೀನಿ. ಒಂದು ದಿನ ಮೂಗು ಮುಚ್ಕೊಂಡವಳಲ್ಲ. ಇವತ್ತು ನನಗೆ ಹೇಸಿಗೆ ಆಗ್ತಿದೆ.

...

ಕೂಗಾಡಿ ಸರ್, ಪರವಾಗಿಲ್ಲ. ಅವರೆಲ್ಲ ದೊಡ್ಡ ಮನೆತನದವರು, ಬೇಡ ಅನ್ನೋಕಾಗಲ್ಲ, ಅಲ್ವಾ? ಈ ಮಗುಗಾದ್ರೆ ಬೇಡ ಅನ್ನಬಹುದು. ಅದಕ್ಕಿನ್ನೂ ಮಾತೇ ಬರಲ್ಲ.

...

ಏನಂತ ಹೇಳ್ಲಿ ಅವರಮ್ಮನಿಗೆ?... ಮೆಷಿನ್ ಕೆಟ್ಟಿದೆ ಅಂತಾನಾ?

...

ಇಲ್ಲ ಸರ್. ಆ ಸುಳ್ಳು ನನ್ನ ಬಾಯಲ್ಲಿ ಬರಲ್ಲ. ಅವರು ಇಲ್ಲೇ ಬಾಗಿಲಲ್ಲಿ ಮಗು ಎತ್ಕೊಂಡು ನಿಂತಿದ್ದಾರೆ. ನೀವೇ ಹೇಳ್ಬಿಡಿ... ಬನ್ನಿ ಅಮ್ಮಾ, ಡಾಕ್ಟರು ಲೈನಲ್ಲಿದ್ದಾರೆ. ಮಗುನ ನನಗೆ ಕೊಡಿ, ಹಾಂ, ಹುಷಾರು, ಎದೆ ತಾಗದ ಹಾಗೆ... ಮಾತಾಡಿ.

...

ಏನಂದ್ರಮ್ಮಾ?

...

ಫೋನ್ ಇಟ್ಟೇಬಿಟ್ರಾ?