ಬೋಣಿಗೆಗೆ ಮೊದಲು ಕೆಲಸ ಕೇಳಿದವನು

ಮಹಿಳಾ ಮಂಡಳದ ಅಧ್ಯಕ್ಷರಾದ ಗೌರಕ್ಕನವರೇ, ನವಲಗುಂದದಿಂದ ಬಸ್ಸಿನಲ್ಲಿ ನಿಂತುಕೊಂಡೇ ಬಂದು ಈಗ ಕುರ್ಚಿ ಸಿಕ್ಕಿದ್ದಕ್ಕೆ ಸಂತೋಷಪಡುತ್ತಿರುವ ಮುಖ್ಯ ಅತಿಥಿಗಳೇ, ಸನ್ಮಾನಕ್ಕೆ ಕೂತಿರುವ ಮಲ್ಲಕ್ಕನವರೇ, ತಾಯಂದಿರೇ, ಗುರುಹಿರಿಯರೇ, ಒಳಗೆ ಜಾಗವಿಲ್ಲದೆ ಶಾಲೆಯ ಕಿಟಕಿ ಹಿಡಿದು ನಿಂತಿರುವ ಸಭಿಕರೇ.

ಮಲ್ಲಕ್ಕನವರೇ ಎಂದಾಗ ಹಿಂದೆ ಯಾರೋ ನಕ್ಕರು. ನಗಲಿ. ಅವರು ನನ್ನ ಹೆಂಡತಿ. ಹೆಂಡತಿಯನ್ನು ಹೀಗೆ ಬಹುವಚನದಲ್ಲಿ ಮಾತನಾಡಿಸಿದ್ದು ನನ್ನ ಜನ್ಮದಲ್ಲಿ ಇದು ಎರಡನೆಯ ಸಲ. ಮೊದಲನೆಯ ಸಲ ಯಾವಾಗ ಎಂಬುದು ಈ ಭಾಷಣದ ಕೊನೆಯಲ್ಲಿ ಬರುತ್ತದೆ. ಅಲ್ಲಿಯವರೆಗೆ ಯಾರೂ ಚಹಾಕ್ಕೆ ಏಳಬಾರದು.

ಸ್ವಾಗತ ಮಾಡಿದವರು ನನ್ನನ್ನು ‘ನಮ್ಮೂರಿನ ಹೆಸರಾಂತ ವರ್ತಕರಾದ ಮಡಿವಾಳೆಪ್ಪನವರು’ ಎಂದರು. ಹಾಗೆಂದು ಕೇಳಿದಾಗ ನಾನೂ ಹಿಂದಕ್ಕೆ ತಿರುಗಿ ನೋಡಿದೆ, ಯಾರಪ್ಪಾ ಇವರು ಎಂದು. ಸಭಿಕರೇ, ಆ ಮಾತಿನಲ್ಲಿ ಒಂದು ತಿದ್ದುಪಡಿಯಾಗಬೇಕಾಗಿದೆ. ಅದನ್ನು ಮಾಡುವುದಕ್ಕೇ ನಾನು ಎದ್ದು ನಿಂತದ್ದು.

ಈಗ ಎಂಬತ್ತೆಂಟನೆಯ ಇಸವಿ. ನಾನು ಹೇಳುವುದು ಎಂಬತ್ತೊಂದರ ದೀಪಾವಳಿಯ ನಂತರದ ಮಾತು. ಆಗಲೂ ನಾನು ಈಗಿನಂತೆ ಟಪಾಲಿನ ಚೀಲ ತರುತ್ತಿದ್ದೆ. ಮಧ್ಯಾಹ್ನ ಅಣ್ಣಿಗೇರಿಯಲ್ಲಿ ಚೀಲ ತೆಗೆದುಕೊಳ್ಳುವುದು, ಸೈಕಲ್ಲಿಗೆ ಕಟ್ಟುವುದು, ಸಂಜೆಯೊಳಗೆ ಊರಿಗೆ ಮುಟ್ಟಿಸುವುದು. ಇದು ಅರ್ಧ ದಿನದ ಕೆಲಸ. ಸರಕಾರದ ಲೆಕ್ಕದಲ್ಲಿ ನಾನು ಅರ್ಧ ನೌಕರ. ಊರಿನ ಲೆಕ್ಕದಲ್ಲಿ ಪೂರ್ತಿ ನೌಕರ. ಮನೆಯ ಲೆಕ್ಕದಲ್ಲಿ ಏನಾಗಿದ್ದೆ ಎಂಬುದನ್ನು ಸನ್ಮಾನಿತರನ್ನೇ ಕೇಳಬೇಕು. ಹೊಲವೆಂಬುದು ಅಣ್ಣತಮ್ಮಂದಿರಲ್ಲಿ ಹಂಚಿ ಹಂಚಿ, ನನ್ನ ಪಾಲಿಗೆ ಬಂದದ್ದರಲ್ಲಿ ಎತ್ತು ಹೊಡೆದರೆ ತಿರುಗುವಾಗ ಎತ್ತು ಅಣ್ಣನ ಹೊಲದಲ್ಲಿರುತ್ತಿತ್ತು. ಸಂಬಳದಲ್ಲಿ ಜೋಳ ಬರುತ್ತಿತ್ತು. ಜೋಳದ ಬೆನ್ನಿಗೆ ಬರಬೇಕಾದ ಬೇಳೆ, ಎಣ್ಣೆ, ಬೆಲ್ಲ ಇವೆಲ್ಲ ಮಲ್ಲಕ್ಕ ಹತ್ತಿ ಬಿಡಿಸಲು ಹೋದರೆ ಬರುತ್ತಿದ್ದವು, ಹೋಗದಿದ್ದರೆ ಇಲ್ಲ.

ಆ ವರ್ಷ ಅವಳು ಹೋಗಬಾರದಾಗಿತ್ತು.

ಇದನ್ನು ಹೇಳಬೇಡ ಎಂದು ಮನೆಯಲ್ಲಿ ತಾಕೀತಾಗಿದೆ. ಆದರೆ ಹೇಳದಿದ್ದರೆ ನಾನು ಯಾಕೆ ಅಂಗಡಿ ಅಂಗಡಿ ಅಲೆದೆ ಎಂಬುದು ನಿಮಗೆ ತಿಳಿಯುವುದು ಹೇಗೆ? ಉಡಿಯಲ್ಲಿ ಹತ್ತಿ ತುಂಬಿಕೊಂಡು ದಿನವೆಲ್ಲ ಬಗ್ಗಿ ಬಗ್ಗಿ ನಡೆಯುವ ಕೆಲಸ ಅದು, ಇಲ್ಲಿರುವ ತಾಯಂದಿರಿಗೆ ಗೊತ್ತು. ಹಿಂದೆ ಎರಡು ಸಲ ನಮ್ಮ ಮನೆಗೆ ಬರಬೇಕಾಗಿದ್ದವರು ಹತ್ತಿಯ ಸಾಲಿನಿಂದಲೇ ತಿರುಗಿ ಹೋಗಿದ್ದರು. ಈ ಸಲ ಮತ್ತೆ ಬಸುರಾದಾಗ ಡಾಕ್ಟರು ನನ್ನನ್ನು ಹೊರಗೆ ಕರೆದು, “ಈಕೀನ ಹೊಲಕ್ಕ ಕಳಿಸಿದ್ರ ಮತ್ತ ನನ್ನ ಹಂತ್ಯಾಕ ಬರಬ್ಯಾಡ” ಎಂದಿದ್ದರು. ನಾನು ಮಲ್ಲಕ್ಕನಿಗೆ ಮಾತು ಕೊಟ್ಟೆ. ಸಂಕ್ರಾಂತಿ ಕಳೆದು ಹತ್ತಿ ಒಡೆಯುವುದರೊಳಗೆ ಅಣ್ಣಿಗೇರಿಯಲ್ಲಿ ಯಾವುದಾದರೂ ಅಂಗಡಿಯಲ್ಲಿ ಮುಂಜಾನೆಯ ಕೆಲಸ ಹಿಡಿಯುತ್ತೇನೆ ಎಂದೆ. ಬಹಳ ಗಟ್ಟಿಯಾದ ದನಿಯಲ್ಲಿ ಹೇಳಿದೆ. ಮಾತು ಕೊಡುವುದರಲ್ಲಿ ನಾನು ಅರ್ಧ ದಿನದವನಲ್ಲ.

ಸರಿ, ಮರುದಿನವೇ ಹೊರಟೆ. ತಲೆಗೆ ಎಣ್ಣೆ, ಹಣೆಗೆ ವಿಭೂತಿ, ಮೈಗೆ ಮದುವೆಯ ಅಂಗಿ. ಅಣ್ಣಿಗೇರಿಯ ಪೇಟೆಯಲ್ಲಿ ಶಂಕ್ರಪ್ಪ ಎಂಬವರ ಕಿರಾಣಿ ಅಂಗಡಿ. ಆಗಷ್ಟೇ ಬಾಗಿಲು ತೆಗೆದು, ನೀರು ಚಿಮುಕಿಸಿ, ಊದಿನಕಡ್ಡಿ ಬೆಳಗುತ್ತಿದ್ದರು. ಬೇರೆ ಯಾರೂ ಬರುವುದಕ್ಕೆ ಮೊದಲೇ ಹೋದರೆ ಹುರುಪಿನ ಮನುಷ್ಯ ಎಂದು ತಿಳಿಯುತ್ತಾರೆ ಎಂಬುದು ನನ್ನ ಲೆಕ್ಕ. ಕೈ ಮುಗಿದು, “ಯಜಮಾನ್ರ, ಏನರ ಕೆಲಸ ಇದ್ರ ಕೊಡ್ರಿ” ಎಂದೆ.

ಶಂಕ್ರಪ್ಪನವರ ಕೈಯಲ್ಲಿದ್ದ ಊದಿನಕಡ್ಡಿ ದೇವರ ಮುಂದಿನಿಂದ ನನ್ನ ಮುಖದ ಮುಂದೆ ಬಂತು. “ಲೇ, ಇನ್ನೂ ಬೋಣಿಗಿ ಆಗಿಲ್ಲ! ಬಾಗಲಾ ತೆಗ್ಯೂದ್ರಾಗ ಕೊಡು ಅಂತ ಬಂದು ನಿಂತೀಯಲ್ಲ, ನಿನಗ ಹೇಳೋರು ಕೇಳೋರು ಯಾರರ ಅದಾರೋ ಇಲ್ಲೋ?”

ದಿನದ ಮೊದಲ ವ್ಯಾಪಾರವೇ ಬೋಣಿಗೆ. ಅದು ಆಗುವ ತನಕ ಉದ್ರಿ ಕೇಳಬಾರದು, ಚೌಕಾಸಿ ಮಾಡಬಾರದು, ಇಲ್ಲ ಎಂಬ ಮಾತು ಆಡಬಾರದು. ಇದು ನನಗೆ ಗೊತ್ತಿಲ್ಲವೇ? ಗೊತ್ತಿತ್ತು. ಆದರೆ ಕೆಲಸ ಕೇಳುವುದೂ ಕೈ ಚಾಚುವುದೇ ಎಂಬುದು ಹೊಳೆದಿರಲಿಲ್ಲ. ನನಗೆ ಬಿಡುವು ಇದ್ದದ್ದೇ ಮುಂಜಾನೆ. ಹೀಗಾಗಿ ಒಂದೇ ಮುಂಜಾನೆಯಲ್ಲಿ ಒಂದಿಡೀ ಸಾಲಿನ ಅಂಗಡಿಗಳ ಬೋಣಿಗೆ ಕೆಡಿಸಿ, ಬೈಗುಳದ ಚೀಲ ಬೇರೆ, ಟಪಾಲಿನ ಚೀಲ ಬೇರೆ ಹೊತ್ತುಕೊಂಡು ಊರಿಗೆ ಬಂದೆ.

ಸೈಕಲ್ಲಿನ ಮೇಲೆ ವಿಚಾರ ಮಾಡಿದೆ. ನಾನು ವಿಚಾರ ಮಾಡಿದಾಗಲೆಲ್ಲ ಮನೆಗೆ ಖರ್ಚು ಬರುತ್ತದೆ. ಮರುದಿನ ಶಂಕ್ರಪ್ಪನವರ ಮುಂದೆ ನಿಂತು ಮೊದಲು ಒಂದು ಕಡ್ಡಿಪೆಟ್ಟಿಗೆ ಕೊಂಡೆ. ದಿನದ ಚಹಾ ಬಿಟ್ಟರೆ ಅಷ್ಟು ಬರುತ್ತಿತ್ತು. ಅವರು ಚಿಲ್ಲರೆಯನ್ನು ಕಣ್ಣಿಗೊತ್ತಿಕೊಂಡು ಗಲ್ಲೆಗೆ ಹಾಕಿದರು. ಆಮೇಲೆ ಕೆಲಸ ಕೇಳಿದೆ. ಏನು ವಿನಯ, ಏನು ಮರ್ಯಾದೆ! “ಏನ್ ಮಾಡ್ತೀಯಪ್ಪಾ ತಮ್ಮಾ?” ಎಂದರು. ಟಪಾಲು ತರುತ್ತೇನೆ ಎಂದೆ. “ಸರಕಾರಿ ಮನಷ್ಯಾ! ನಿನ್ನಂಥಾವನ ಕೈಲೆ ನಾನು ಬೆಲ್ಲದ ಪೆಂಟಿ ಹೊರಸೂದೇನು? ಪಾಪ ಹತ್ತತೈತಿ” ಎಂದರು. ನಿನ್ನೆ ಬೈದು ಕಳಿಸಿದ್ದರು, ಇಂದು ಕೈಮುಗಿದು ಕಳಿಸಿದರು. ಒಂದು ಕಡ್ಡಿಪೆಟ್ಟಿಗೆಯಿಂದ ಮನುಷ್ಯನಿಗೆ ಇನ್ನೆಷ್ಟು ಗೌರವ ಬಂದೀತು?

ಮರುದಿನ ಯಾಕೂಬಸಾಬರ ಅರಿವೆ ಅಂಗಡಿ. ಅಲ್ಲಿ ಕಡ್ಡಿಪೆಟ್ಟಿಗೆ ಸಿಗುವುದಿಲ್ಲ. ಎಲ್ಲಕ್ಕಿಂತ ಸಸ್ತಾ ಏನಿದೆ ಎಂದು ಕಣ್ಣಾಡಿಸಿದೆ. ಲಾಡಿ. ಒಂದು ಲಾಡಿ ಕೊಂಡೆ. ಯಾಕೂಬಸಾಬರು, “ಸಂಜೀಮಟಾ ಇರ್ತೀಯೇನು?” ಎಂದರು. “ಇಲ್ರಿ, ಮಧ್ಯಾಹ್ನಕ್ಕ ಚೀಲಾ ತಗೊಂಡು ಹೋಗ್ಬೇಕ್ರಿ.” “ಗಿರಾಕಿ ಬರೂದ ಸಂಜೀಗೆ. ಅರ್ಧಾ ಮನಷ್ಯಾನ್ನ ಇಟಗೊಂಡು ನಾ ಏನ್ ಮಾಡ್ಲಿ ಭಾಯಿ? ನಾನೇನು ಅರ್ಧಾ ಥಾನ ಮಾರ್ತೀನಿ?” ಎಂದರು.

ಜಮಾಲಬಿಯವರ ಬಳೆ ಅಂಗಡಿಯಲ್ಲಿ ಒಂದಿಷ್ಟು ಸೇಫ್ಟಿ ಪಿನ್ನು ಕೊಂಡು ಕೇಳಿದೆ. ಆ ತಾಯಿ ನನ್ನನ್ನು ಮೇಲಿನಿಂದ ಕೆಳಗಿನವರೆಗೆ ನೋಡಿ, “ಬಳಿ ಇಡಿಸ್ಕೊಳ್ಳಾಕ ಬಂದ ಹೆಣ್ಮಕ್ಕಳು ನಿನ್ನ ಕೈಯಾಗ ಕೈ ಕೊಡ್ತಾರೇನ್ಲೇ, ಸೈಕಲ್ ಹ್ಯಾಂಡಲ್ ಹಿಡಿದು ಎಮ್ಮಿ ಗೊರಸ ಆದಂಗ ಆಗ್ಯಾವು!” ಎಂದು ನಕ್ಕರು. ಅವರ ನಗುವಿನಲ್ಲಿ ನನ್ನದೂ ಸ್ವಲ್ಪ ಸೇರಿತ್ತು. ಏನು ಮಾಡಲಿ, ಅವರು ಹೇಳಿದ್ದು ಖರೆ.

ಹೀಗೆ ದಿನಕ್ಕೊಂದು ಅಂಗಡಿ. ಅಷ್ಟರಲ್ಲಿ ಒಂದು ಅನಾಹುತವಾಯಿತು. ನಾನು ಕಡ್ಡಿಪೆಟ್ಟಿಗೆ ಕೊಂಡ ದಿನ ಶಂಕ್ರಪ್ಪನವರಲ್ಲಿ ಒಂದು ಮದುವೆಯ ಸಂತೆಯೇ ಬಂದು ಇಳಿಯಿತಂತೆ. ಲಾಡಿ ಕೊಂಡ ದಿನ ಯಾಕೂಬಸಾಬರಿಗೆ ಊಟಕ್ಕೆ ಏಳಲು ಬಿಡುವಾಗಲಿಲ್ಲವಂತೆ. ಪೇಟೆಯಲ್ಲಿ ಸುದ್ದಿ ಹಬ್ಬಿತು: ಟಪಾಲಿನ ಮಡಿವಾಳೆಪ್ಪನ ಕೈಗುಣ ಅಗದಿ ಚಲೋ. ಮರುದಿನದಿಂದ ನಾನು ಪೇಟೆಗೆ ಕಾಲಿಟ್ಟರೆ ಎರಡೂ ಕಡೆಯಿಂದ ಕೂಗು. “ಏ ಮಡಿವಾಳೆಪ್ಪಾ, ಮೊದಲ ಇಲ್ಲಿ ಬಾ! ಬೋಣಿಗಿ ಮಾಡಿ ಹೋಗೋ ಮಾರಾಯಾ!”

ಸಭಿಕರೇ, ಸ್ವಲ್ಪ ಯೋಚಿಸಿರಿ. ಕೆಲಸ ಕೊಡಿರಿ ಎಂದು ಹೋದವನಿಗೆ ವ್ಯಾಪಾರ ಕೊಡು ಎಂದರು. ಇಡೀ ಪೇಟೆಗೆ ನಾನು ಬೇಕಾಗಿದ್ದೆ, ಆದರೆ ಅಂಗಡಿಯ ಹೊರಗೆ ಬೇಕಾಗಿದ್ದೆ. ಒಳಗೆ ಬರುತ್ತೇನೆ ಎಂದರೆ ಯಾರಿಗೂ ಬೇಡ. ನಾನೋ, ಹೆಸರು ಹಿಡಿದು ಕರೆಯುತ್ತಾರಲ್ಲ ಎಂದು ಉಬ್ಬಿಹೋದೆ. ಇಂದು ಕೊಂಡರೆ ನಾಳೆ ಕೆಲಸ ಕೊಟ್ಟಾರು ಎಂಬ ಆಸೆ ಬೇರೆ. ಸೂಜಿ, ದಾರದ ಉಂಡೆ, ಕರ್ಪೂರ, ಗುಂಡಿ, ಊದಿನಕಡ್ಡಿ, ಒಬ್ಬರಲ್ಲಿ ಹಲ್ಲಿನ ಪುಡಿ, ಕಿರಾಣಿ ಅಂಗಡಿಗಳಲ್ಲೆಲ್ಲ ಕಡ್ಡಿಪೆಟ್ಟಿಗೆ. ಮನೆಯ ಗೂಡು ತುಂಬಿತು. ಮಲ್ಲಕ್ಕ ದಿನಾಲೂ ನೋಡುತ್ತಿದ್ದಳು. ಒಂದು ದಿನ ಮಾತ್ರ ಕೇಳಿದಳು: “ಏನ್ರಿ, ಇಷ್ಟು ಕಡ್ಡಿಪೆಟ್ಟಿಗಿ ತಂದೀರಿ, ಯಾರ ಮನಿಗೆ ಬೆಂಕಿ ಹಚ್ಚೋರದೀರಿ?”

“ಕೆಲಸ ಇವತ್ತ ನಾಳೆ ಆಗೂ ಹಂಗ ಐತಿ” ಎಂದೆ.

ನಾನು ಹೊರಗೆ ಹೋಗಿ ಸೈಕಲ್ಲು ಒರೆಸಿದೆ. ಆ ಚಳಿಗಾಲದಲ್ಲಿ ನನ್ನ ಸೈಕಲ್ಲಿನಷ್ಟು ಹೊಳೆಯುವ ಸೈಕಲ್ಲು ಈ ಊರಿನಲ್ಲಿ ಇನ್ನೊಂದಿರಲಿಲ್ಲ.

ಸಂಕ್ರಾಂತಿ ಬಂತು, ಹೋಯಿತು. ದಾರಿಯ ಎರಡೂ ಬದಿಗೆ ಹತ್ತಿ ಒಡೆಯಿತು. ಎಲ್ಲರ ಕಣ್ಣಿಗೂ ಅದು ಚೆಂದ. ನಾನು ಮಾತ್ರ ಹ್ಯಾಂಡಲ್ಲು ನೋಡಿಕೊಂಡೇ ಸೈಕಲ್ಲು ಹೊಡೆಯುತ್ತಿದ್ದೆ. ಆ ಸಂಜೆ ಚೀಲ ಮುಟ್ಟಿಸಿ ಓಣಿಯ ಮೂಲೆಗೆ ಬಂದರೆ, ನಮ್ಮ ಕಟ್ಟೆಯ ಮುಂದೆ ದುರಗವ್ವ ನಿಂತಿದ್ದಳು. ಹತ್ತಿ ಬಿಡಿಸುವ ಹೆಣ್ಣುಮಕ್ಕಳನ್ನು ಕೂಡಿಸಿಕೊಂಡು ಹೋಗುವವಳು ಅವಳೇ. ಇದೋ ಅಲ್ಲಿ, ಎರಡನೆಯ ಸಾಲಿನಲ್ಲಿ ಬಾಯಿಗೆ ಸೆರಗು ಹಿಡಿದಿದ್ದಾಳೆ. ನಾನು ಅಲ್ಲಿಯೇ ನಿಂತೆ. ಕಿಸೆಯಲ್ಲಿ ಆ ದಿನದ ಗುಂಡಿಗಳಿದ್ದವು, ಕೆಲಸವಿರಲಿಲ್ಲ.

“ನಾಳಿಂದ ಗೌಡ್ರ ಹೊಲಾ ಮಲ್ಲಕ್ಕಾ. ಹೊತ್ತು ಮೂಡೂದ್ರಾಗ ಹಳ್ಳದ ಹಂತ್ಯಾಕ ಬಂದುಬಿಡು.”

“ಬರಾಕ ಆಗೂದಿಲ್ಲ ದುರಗವ್ವಾ. ಅಂಗಡಿ ಬಿಟ್ಟು ಹೆಂಗ ಬರ್ಲಿ?”

“ಅಂಗಡಿ? ಯಾವ ಅಂಗಡಿ ಬೇ?”

ನಾನೂ ಇಣುಕಿದೆ. ಮಲ್ಲಕ್ಕ ಕಟ್ಟೆಯ ಮೇಲೆ ಕೂತಿದ್ದಳು. ಮುಂದೆ ಜೋಳ ಹಸನು ಮಾಡುವ ಮೊರ. ಮೊರದಲ್ಲಿ ನನ್ನ ಕಡ್ಡಿಪೆಟ್ಟಿಗೆಗಳು ಗೋಡೆ ಕಟ್ಟಿದಂತೆ, ಪಕ್ಕಕ್ಕೆ ಲಾಡಿ ಸುರುಳಿ, ಸೂಜಿ, ದಾರ, ಪಿನ್ನು, ಕರ್ಪೂರ. ಮೂಲೆಯಲ್ಲಿ ಊದಿನಕಡ್ಡಿ ಹೊಗೆಯಾಡುತ್ತಿತ್ತು. ಆಗ ನಮ್ಮ ಓಣಿಯವರು ಒಂದು ಸೂಜಿ ಬೇಕಾದರೂ ಹಳ್ಳ ದಾಟಿ ಬಸ್ಸು ನಿಲ್ಲುವಲ್ಲಿಗೆ ಹೋಗಬೇಕಾಗಿತ್ತು. ಪೇಟೆಯೆಲ್ಲ ಅಲೆದ ನನಗೆ ಇದು ಕಂಡಿರಲಿಲ್ಲ. ಮನೆಯಲ್ಲಿ ಕೂತವಳಿಗೆ ಕಂಡಿತ್ತು.

ದುರಗವ್ವ ಮೊರ ನೋಡಿದಳು, ಮಲ್ಲಕ್ಕನ ಹೊಟ್ಟೆ ನೋಡಿದಳು. ದನಿ ಇಳಿಸಿ, “ಹಂಗಾರ ಒಂದು ಸೂಜಿ ಕೊಡು. ರೊಕ್ಕಾ ಪಗಾರ ಆದಮ್ಯಾಲ” ಎಂದಳು.

“ಸಿಟ್ಟಾಗಬ್ಯಾಡ ದುರಗವ್ವಾ. ಇನ್ನೂ ಬೋಣಿಗಿ ಆಗಿಲ್ಲ. ಉದ್ರಿ ಹೆಂಗ ಕೊಡ್ಲಿ?”

ಸಭಿಕರೇ, ವರ್ತಕರೆಂದರೆ ಇವಳು ಎಂದು ನನಗೆ ತಿಳಿದದ್ದು ಆ ಕ್ಷಣ. ನಾನು ಮುಂದೆ ಬಂದು, “ಇವತ್ತೂ ಕೆಲಸ…” ಎಂದೆ.

“ಬಾಯಿ ಮುಚ್ರಿ! ಮೂರುಸಂಜಿ ಹೊತ್ತು, ಬೋಣಿಗಿ ಆಗಿಲ್ಲ, ಇಲ್ಲ ಅನ್ನೂ ಮಾತು ಆಡಬ್ಯಾಡ್ರಿ. ಮೊದಲ ಏನರ ತಗೋರಿ.”

“ಅಲ್ಲ, ಇವೆಲ್ಲಾ ನಾನ ತಂದದ್ದಲ್ಲ?”

“ಅಣ್ಣಿಗೇರಿಗೆಲ್ಲಾ ಬೋಣಿಗಿ ಮಾಡಿ ಬರ್ತೀರಂತ. ಸಂತೀಗೆ ಹೋಗಿ ಬಂದ ಮಂದಿ ಹೇಳೂದಿಲ್ಲೇನು? ನಮ್ಮ ಅಂಗಡಿಗೆ ಮಾಡಾಕ ಕೈ ಏಳೂದಿಲ್ಲೇನು?”

ನಾನು ಕೊಂಡಿದ್ದ ಕಡ್ಡಿಪೆಟ್ಟಿಗೆಯನ್ನು ನಾನೇ ಮತ್ತೆ ಕೊಂಡೆ. ಅದೂ ಅಣ್ಣಿಗೇರಿಗಿಂತ ತುಟ್ಟಿ ದರಕ್ಕೆ. ಅವಳು ಚಿಲ್ಲರೆಯನ್ನು ಕಣ್ಣಿಗೊತ್ತಿಕೊಂಡು ಸೆರಗಿನ ತುದಿಗೆ ಕಟ್ಟಿದಳು. ಆಮೇಲೆ ದುರಗವ್ವನಿಗೆ ಸೂಜಿ ಕೊಟ್ಟಳು, ಉದ್ರಿ.

ನಾನು ನಿಂತೇ ಇದ್ದೆ. ಅಭ್ಯಾಸವಾಗಿ ಹೋಗಿತ್ತು ನೋಡಿರಿ, ಬೋಣಿಗೆಯಾದ ಕೂಡಲೇ ನನ್ನ ಕೈಗಳು ತಾವಾಗಿ ಜೋಡಿಸಿಕೊಂಡವು. “ಏನರ ಕೆಲಸ ಇದ್ರ ಕೊಡ್ರಿ” ಎಂದೆ. ಹೆಂಡತಿಗೆ ‘ರಿ’ ಹಚ್ಚಿ ಮಾತನಾಡಿದ ಮೊದಲ ಸಲ ಅದು.

ಅವಳು ನಗಲಿಲ್ಲ. ಯಾಕೂಬಸಾಬರು ಕೇಳಿದ್ದನ್ನೇ ಕೇಳಿದಳು. “ಎಷ್ಟೊತ್ತು ಇರ್ತೀರಿ?”

“ಮುಂಜಾನೆ ಅಷ್ಟರಿ. ಮಧ್ಯಾಹ್ನ ಚೀಲಾ ತರಬೇಕ್ರಿ.”

“ಅಷ್ಟ ಸಾಕು” ಎಂದಳು.

ಆ ಮಾತನ್ನು ಅಷ್ಟು ತಿಂಗಳಲ್ಲಿ ನನಗೆ ಯಾರೂ ಹೇಳಿರಲಿಲ್ಲ. ನಾನು… ಗೌರಕ್ಕನವರೇ, ಸ್ವಲ್ಪ ನೀರು ಕೊಡಿಸಿರಿ.

ಆ ವರ್ಷ ಅವಳು ಹತ್ತಿಯ ಸಾಲಿಗೆ ಕಾಲಿಡಲಿಲ್ಲ. ಮುಂಗಾರು ಶುರುವಾಗುವ ಹೊತ್ತಿಗೆ ನಮ್ಮ ಮನೆಗೆ ಬರಬೇಕಾದವಳು ಬಂದಳು. ಶಿವಗಂಗವ್ವ. ಮುಂದಿನ ಚಾಪೆಯ ಮೇಲೆ ಕೂತು, ಅಪ್ಪ ಯಾವಾಗ ಮುಗಿಸುತ್ತಾನೋ ಎಂದು ಆಕಳಿಸುತ್ತಿದ್ದಾಳೆ. ಮೊರ ಹೋಗಿ ಹಲಗೆ ಬಂತು, ಹಲಗೆ ಹೋಗಿ ಕಪಾಟು ಬಂತು. ನನ್ನ ಕೆಲಸ ಮಾತ್ರ ಅದೇ: ಮುಂಜಾನೆ ಅಂಗಡಿ, ಮಧ್ಯಾಹ್ನ ಚೀಲ.

ಆದ್ದರಿಂದ ತಿದ್ದುಪಡಿ ಏನೆಂದರೆ, ವರ್ತಕರು ಅಲ್ಲಿ ಶಾಲು ಹೊದ್ದು ಕೂತಿದ್ದಾರೆ. ನಾನು ಅವರಲ್ಲಿ ಅರ್ಧ ದಿನದ ಆಳು. ಯಜಮಾನರು ಈಗ ಸೊಂಟದ ಕೀಲಿಕೈ ತೆಗೆದು ನನ್ನ ಕಡೆಗೆ ಆಡಿಸುತ್ತಿದ್ದಾರೆ. ಸಮಾರಂಭಕ್ಕೆಂದು ಇಂದು ಮುಂಜಾನೆಯಿಂದ ಅಂಗಡಿ ಮುಚ್ಚಿದೆ, ಬೋಣಿಗೆ ಆಗಿಲ್ಲ. ನಾನು ಹೋಗಿ ಬಾಗಿಲು ತೆಗೆದು ನೀರು ಚಿಮುಕಿಸುತ್ತೇನೆ. ನಿಮ್ಮಲ್ಲಿ ಯಾರಿಗಾದರೂ ಕೆಲಸ ಬೇಕಾಗಿದ್ದರೆ, ಅರ್ಧ ದಿನದ್ದಾದರೂ ಅಡ್ಡಿಯಿಲ್ಲ, ಸಂಕೋಚವಿಲ್ಲದೆ ಬಂದು ಕೇಳಿರಿ. ಮೊದಲು ಒಂದು ಕಡ್ಡಿಪೆಟ್ಟಿಗೆ ಕೊಂಡು ಆಮೇಲೆ ಕೇಳಿರಿ.

ಎರಡು ಮಾತು ಆಡು ಎಂದು ನಿಲ್ಲಿಸಿ ಇಷ್ಟು ಮಾತಿಗೆ ಕಿವಿ ಕೊಟ್ಟ ಮಂಡಳಕ್ಕೆ, ಆಕಳಿಸಿದರೂ ಎದ್ದು ಹೋಗದ ನಿಮಗೆ, ಅರ್ಧ ಸಾಕು ಎಂದವರಿಗೆ, ನನ್ನ ಪೂರ್ತಿ ನಮಸ್ಕಾರ.